ಮಾದಪ್ಪನ ದಾರಿಯೂ ನಮ್ಮೂರ ಅರವಟ್ಟಿಗೆಯೂ

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಊರಿನ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಘದ ಆಡಳಿತ ಮಂಡಳಿಯವರು ಕೇಳಿದಾಗ ನಮಗೆ ಮೊದಲು ನೆನಪಾದದ್ದು ಪಕ್ಕದ ಸೋಮನಾಥಪುರದ ಹೊಯ್ಸಳರ ಗುಡಿ. ಅದನ್ನು ನೋಡಲು ದೇಶವಿದೇಶದವರು ಬರುತ್ತಾರೆ, ಬರೆದವರೂ ಬೇಕಾದಷ್ಟು ಜನ ಇದ್ದಾರೆ. ಆದರೆ ನಮ್ಮ ಬನ್ನೂರು ಸೀಮೆಯ ರಸ್ತೆಯ ಮೇಲೆ ಪ್ರತಿ ವರ್ಷ ಹಾದುಹೋಗುವ ಇನ್ನೊಂದು ಬಗೆಯ ಪ್ರಯಾಣಿಕರಿದ್ದಾರೆ. ಅವರ ಬಗ್ಗೆ ಯಾರೂ ಬರೆದ ಹಾಗೆ ಕಾಣೆವು. ಹೆಗಲ ಮೇಲೆ ಗಂಟು, ಹಣೆಯ ಮೇಲೆ ವಿಭೂತಿ, ಕಾಲಲ್ಲಿ ಬೊಬ್ಬೆ ಹೊತ್ತು ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆದು ಹೋಗುವವರು ಅವರು. ಅವರಿಗೆ ನಮ್ಮ ಹಿರಿಯರು ದಾರಿಯುದ್ದಕ್ಕೂ ಏನೇನು ಅನುಕೂಲ ಮಾಡಿದ್ದರು, ಅದು ಹೇಗೆ ನಡೆಯಿತು, ಹೇಗೆ ನಿಂತುಹೋಯಿತು ಎಂಬುದನ್ನು ನಮಗೆ ತಿಳಿದ ಮಟ್ಟಿಗೆ ಸದಸ್ಯ ಬಂಧುಗಳ ಮುಂದೆ ಇಡುತ್ತೇವೆ.

ನಾವು ಚಿಕ್ಕವರಿದ್ದಾಗ ಶಿವರಾತ್ರಿಗೆ ಇನ್ನೂ ಎಂಟು ದಿನ ಇದೆ ಅನ್ನುವಾಗಲೇ ಮನೆಯ ಜಗಲಿ ಸಾರಿಸಿ ಒಂದು ಮೂಲೆಯಲ್ಲಿ ಚಾಪೆ ಸುರುಳಿ ಇಡುತ್ತಿದ್ದರು. ಯಾರಿಗೆ ಎಂದು ಕೇಳಿದರೆ ಅವ್ವ, 'ಬೆಟ್ಟದೋರು ಬತ್ತಾರೆ ಕಣಪ್ಪ' ಅನ್ನುತ್ತಿದ್ದಳು. ಸಂಜೆಗತ್ತಲಲ್ಲಿ ದೂರದಿಂದ ಕಂಸಾಳೆಯ ಸದ್ದು ಕೇಳಿಸುತ್ತಿತ್ತು. ಆಮೇಲೆ 'ಉಘೇ ಮಾದಪ್ಪ' ಎಂಬ ಕೂಗು. ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯ ಹಳ್ಳಿಗಳವರು, ಇಪ್ಪತ್ತು ಮೂವತ್ತು ಜನ, ಮುಂದೆ ಒಬ್ಬ ದೇವರಗುಡ್ಡ. ಬಂದವರು ಯಾರು, ಎತ್ತ ಎಂದು ವಿಚಾರಿಸುವ ಮೊದಲೇ ಒಂದು ಚೊಂಬು ನೀರು, ಒಂದು ಚೂರು ಬೆಲ್ಲ. ಬರಿ ಹೊಟ್ಟೆಯಲ್ಲಿ ಬಿಸಿಲಿನಿಂದ ಬಂದವನಿಗೆ ಬರೀ ನೀರು ಕೊಡಬಾರದು ಎಂಬುದು ನಮ್ಮ ಕಡೆಯ ಹಳೆಯ ರೂಢಿ. ಊಟ ಅವರೇ ಮಾಡಿಕೊಳ್ಳುತ್ತಿದ್ದರು. ಮೂರು ಕಲ್ಲು, ಒಂದು ಹೊರೆ ಸೌದೆ, ಒಂದು ತಪ್ಪಲೆ ಕೊಟ್ಟರೆ ಸಾಕು. ಬೆಳಗಿನ ಜಾವ ನಾವು ಏಳುವಷ್ಟರಲ್ಲಿ ಜಗಲಿ ಖಾಲಿ. ತಪ್ಪಲೆ ಬೆಳಗಿ ಬೋರಲು ಹಾಕಿರುತ್ತಿತ್ತು.

ಇಲ್ಲಿಂದ ಅವರ ದಾರಿ ಯಾವುದು? ಒಂದು, ಮಳವಳ್ಳಿಯ ಮೇಲೆ ಶಿವನಸಮುದ್ರ, ಸತ್ತೇಗಾಲ ದಾಟಿ ಕೊಳ್ಳೇಗಾಲ. ಇನ್ನೊಂದು, ತಿರುಮಕೂಡಲು ನರಸೀಪುರದ ಮೇಲೆ ಕೊಳ್ಳೇಗಾಲ. ಅಲ್ಲಿಂದ ಹನೂರು, ಕೌದಳ್ಳಿ, ಆಮೇಲೆ ತಾಳುಬೆಟ್ಟ. ಕೊಳ್ಳೇಗಾಲದಿಂದಾಚೆಗೇ ಹೆಚ್ಚು ಕಡಿಮೆ ಎಂಬತ್ತು ಕಿಲೋಮೀಟರು ಆಗುತ್ತದೆ. ತಾಳುಬೆಟ್ಟದಲ್ಲಿ ಕಾಯಿ ಒಡೆದು, ಧೂಪ ಹಾಕಿ ಹತ್ತಲು ಶುರು ಮಾಡಿದರೆ ಆಮೇಲೆ ಕಾಡು, ಕಲ್ಲು, ಮೆಟ್ಟಿಲು. ಸರ್ಪದ ದಾರಿ, ಆನೆತಲೆದಿಂಬ ಎಂದು ದಾರಿಯ ತುಂಡು ತುಂಡಿಗೂ ಹೆಸರಿದೆ. ಕನಕಪುರ, ರಾಮನಗರದ ಕಡೆಯವರು ನಮ್ಮ ದಾರಿಗೆ ಬರುವುದಿಲ್ಲ. ಅವರು ಸಂಗಮದ ಹತ್ತಿರ ಕಾವೇರಿಗೇ ಇಳಿದು, ಹಗ್ಗ ಹಿಡಿದು, ಎದೆಮಟ್ಟದ ನೀರಿನಲ್ಲಿ ಆಚೆ ದಡ ಸೇರಿ ಶಾಗ್ಯದ ಕಡೆಯಿಂದ ಹೋಗುತ್ತಾರೆ. ಅದೂ ಒಂದು ದೊಡ್ಡ ಕಥೆ, ಇಲ್ಲಿ ಬೇಡ.

ಈಗಿನ ಹುಡುಗರಿಗೆ ಒಂದು ವಿಷಯ ಹೇಳಿದರೆ ನಂಬುವುದಿಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ನಮ್ಮ ರಾಜ್ಯದ್ದಾಗಿರಲಿಲ್ಲ. ಅದು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಂದರೆ ನಮ್ಮ ಅಜ್ಜಂದಿರು ಕಾವೇರಿ ದಾಟಿ ಸತ್ತೇಗಾಲ ಮುಟ್ಟಿದರೆ ಬೇರೆ ಸರ್ಕಾರದ ಸೀಮೆ. ದೇವರು ನಮ್ಮವನು, ಹಾಡು ನಮ್ಮ ಭಾಷೆಯದು, ಸರ್ಕಾರ ಮಾತ್ರ ಬೇರೆ. ಏಕೀಕರಣವಾದ ಮೇಲೆ ಬೆಟ್ಟ ಮೈಸೂರು ಜಿಲ್ಲೆಗೆ ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಈಗ ಹನೂರು ತಾಲ್ಲೂಕು. ಸರ್ಕಾರ ಯಾವುದಿದ್ದರೂ ನಡೆಯುವವರು ನಡೆಯುತ್ತಲೇ ಇದ್ದರು. ಆದ್ದರಿಂದ ದಾರಿಯವರ ಯೋಗಕ್ಷೇಮ ಯಾವ ಅರಮನೆಯದೂ ಆಗದೆ ದಾರಿಯ ಮಗ್ಗುಲಿನ ಹಳ್ಳಿಗಳ ಪಾಲಿಗೇ ಬಂದಿರಬೇಕು ಎಂದು ನಮ್ಮ ಊಹೆ.

ನಡೆಯುವವನಿಗೆ ಬೇಕಾದ್ದು ಹೆಚ್ಚೇನೂ ಇಲ್ಲ. ಕಾಲಿಗೆ ಮೆಟ್ಟು, ಬಾಯಿಗೆ ನೀರು, ತಲೆಗೆ ನೆರಳು, ಹೊರೆ ಇಳಿಸಲು ಒಂದು ಜಾಗ, ರಾತ್ರಿಗೆ ಒಂದು ಗೋಡೆ. ಮಾದಪ್ಪನ ಕಥೆಯಲ್ಲೇ ನೋಡಿ, ಆ ಮಹಾತ್ಮನೂ ಊರೂರು ಅಲೆದವನೇ. ಸುತ್ತೂರು ಮಠಕ್ಕೆ ಬಂದು ರಾಗಿ ಬೀಸಿದ. ಹರಳಯ್ಯ ಅವನಿಗೆ ಮೆಟ್ಟು ಮಾಡಿಕೊಟ್ಟ. ದೇವರಿಗೇ ಕಾಲಿಗೆ ಮೆಟ್ಟು ಬೇಕಾಯಿತು ಅಂದಮೇಲೆ ಮನುಷ್ಯರ ಪಾಡೇನು? ನಮ್ಮ ಕಾಲದಲ್ಲೂ ಬೆಟ್ಟಕ್ಕೆ ಹೊರಡುವ ಮೊದಲು ಎಕ್ಕಡಕ್ಕೆ ಹೊಸ ಅಟ್ಟೆ ಹೊಲಿಸಿಕೊಳ್ಳುತ್ತಿದ್ದರು. ಹರಕೆ ಇದ್ದವರು ಬರಿಗಾಲಲ್ಲೇ. ಅವರಿಗೆ ರಾತ್ರಿ ಅಂಗಾಲಿಗೆ ಹಚ್ಚಲು ಹರಳೆಣ್ಣೆ ಕೊಡುವುದು ಹೆಂಗಸರ ಕೆಲಸವಾಗಿತ್ತು.

ನೀರಿನ ಏರ್ಪಾಟಿಗೆ ಅರವಟ್ಟಿಗೆ ಎಂದು ಹೆಸರು. ಇದು ನಿನ್ನೆ ಮೊನ್ನೆಯ ಮಾತಲ್ಲ. ಹಳಗನ್ನಡದ ಶಾಸನಗಳಲ್ಲಿ ಅರವಂಟಿಗೆ ಎಂಬ ಮಾತು ಸಿಗುತ್ತದೆ. ಕೆರೆ ಕಟ್ಟಿಸಿದವರು, ಗುಡಿ ಕಟ್ಟಿಸಿದವರ ಸಾಲಿನಲ್ಲೇ ಅರವಂಟಿಗೆ ಇಡಿಸಿದವರ ಪುಣ್ಯವನ್ನೂ ಕಲ್ಲಿನಲ್ಲಿ ಬರೆಸಿದ್ದಾರೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಇಂಥ ದತ್ತಿಗಳಲ್ಲಿ ಒಳ್ಳೆಯ ಮನಸ್ಸಿನ ಮಾತು ಒಂದೇ ಇರುವುದಿಲ್ಲ. ಇಷ್ಟು ಗದ್ದೆ, ಇಷ್ಟು ಬೆದ್ದಲು ಎಂದು ಭೂಮಿಯನ್ನೂ ಬಿಡುತ್ತಿದ್ದರು. ಅದರ ಉತ್ಪತ್ತಿ ಉಂಡು ನೀರು ಹೊಯ್ಯುವ ಒಬ್ಬ ಮನುಷ್ಯ ಇರುತ್ತಿದ್ದ. ನೀರು ಹೊಯ್ಯದಿದ್ದರೆ ಭೂಮಿ ಹೋಗುತ್ತಿತ್ತು.

ನಾವು ಕಣ್ಣಾರೆ ಕಂಡ ಅರವಟ್ಟಿಗೆ ಹೀಗಿತ್ತು. ರಸ್ತೆ ಬದಿಯ ಹೊಂಗೆ ಮರದ ಕೆಳಗೆ ತೆಂಗಿನ ಸೋಗೆಯ ಚಪ್ಪರ, ಒಳಗೆ ಹೊಳೆಯ ಮರಳು ಹರಡಿ ಅದರ ಮೇಲೆ ಮಣ್ಣಿನ ಗುಡಾಣ ಎರಡು, ಗುಡಾಣಕ್ಕೆ ಒದ್ದೆ ಬಟ್ಟೆ. ಮರಳಿಗೆ ದಿನಾ ನೀರು ಚಿಮುಕಿಸುತ್ತಿದ್ದರು. ಉಳ್ಳವರು ನೀರಿಗೆ ಲಾವಂಚದ ಬೇರು ಹಾಕಿಸುತ್ತಿದ್ದರು. ಒಂದು ಗುಡಾಣದಲ್ಲಿ ನೀರು, ಇನ್ನೊಂದರಲ್ಲಿ ನೀರು ಮಜ್ಜಿಗೆ, ಉಪ್ಪು, ಶುಂಠಿ, ಕೊತ್ತಂಬರಿ. ಅದೇ ಹೊತ್ತಿಗೆ ಆಲೆಮನೆ ನಡೆಯುತ್ತಿದ್ದರೆ ದಾರಿಯವರಿಗೆ ಕಬ್ಬಿನ ಹಾಲು ಕೇಳಿದಷ್ಟು. ಆಲೆಮನೆಯವನು ಇಲ್ಲ ಅಂದದ್ದನ್ನು ನಾವು ಕಂಡಿಲ್ಲ. ಇಲ್ಲ ಅಂದರೆ ಪಾಕ ಕೆಡುತ್ತದೆ ಎಂಬ ಭಯವೂ ಅವನಿಗೆ ಇತ್ತು ಅನ್ನಿ.

ನೆರಳಿಗೆ ಗುಂಡುತೋಪು. ಪಹಣಿ ಪುಸ್ತಕದಲ್ಲಿ ಇಂದಿಗೂ ಗುಂಡುತೋಪು ಎಂದು ಬರೆದಿರುವ ಸರ್ವೆ ನಂಬರುಗಳು ಎಷ್ಟೋ ಹಳ್ಳಿಗಳಲ್ಲಿವೆ. ಹೋಗಿ ನೋಡಿದರೆ ಮರವೇ ಇರುವುದಿಲ್ಲ, ಆ ಮಾತು ಬೇರೆ. ಗಾಡಿ ಬಿಟ್ಟು ಎತ್ತು ಕಟ್ಟಿಹಾಕಲು, ಸಂತೆಗೆ ಹೋಗುವವರು, ಬೆಟ್ಟಕ್ಕೆ ಹೋಗುವವರು ಮಧ್ಯಾಹ್ನ ಬುತ್ತಿ ಬಿಚ್ಚಲು ಎಂದೇ ಊರಾಚೆ ಮಾವು, ಹುಣಿಸೆ, ನೇರಳೆ ನೆಟ್ಟ ತೋಪು ಅದು. ಅಲ್ಲಲ್ಲಿ ಎರಡು ಕಂಬದ ಕಲ್ಲು ನೆಟ್ಟು ಮೇಲೊಂದು ಅಡ್ಡಕಲ್ಲು ಇಟ್ಟಿರುತ್ತಿದ್ದರು, ಆಳಿನ ಹೆಗಲೆತ್ತರಕ್ಕೆ. ತಲೆಯ ಮೇಲಿನ ಹೊರೆಯನ್ನು ಇನ್ನೊಬ್ಬರ ಸಹಾಯವಿಲ್ಲದೆ ಇಳಿಸಿ, ಸುಧಾರಿಸಿಕೊಂಡು, ತಿರುಗಿ ಹೊತ್ತುಕೊಳ್ಳಲು ಅದು. ಬಸುರಿಯಾಗಿಯೇ ತೀರಿಕೊಂಡ ಹೆಣ್ಣುಮಗಳ ಹೆಸರಿನಲ್ಲಿ ಇಂಥ ಕಲ್ಲು ನಿಲ್ಲಿಸುವ ಪದ್ಧತಿಯೂ ಇತ್ತು. ಹೊರೆ ಇಳಿಸದೆ ಹೋದವಳ ಹೆಸರಿನಲ್ಲಿ ಬೇರೆಯವರ ಹೊರೆ ಇಳಿಯಲಿ ಎಂದು. ರಸ್ತೆ ಅಗಲ ಮಾಡುವಾಗ ಇಂಥವೆಷ್ಟೋ ಕಲ್ಲುಗಳು ಮೋರಿಯ ಚಪ್ಪಡಿಗಳಾಗಿ ಹೋದವು.

ಇನ್ನು ಹೊಳೆ. ಬೆಟ್ಟದ ದಾರಿಯಲ್ಲಿ ಎಲ್ಲಕ್ಕಿಂತ ದೊಡ್ಡ ತೊಡಕು ಕಾವೇರಿಯೇ. ಶಿವನಸಮುದ್ರದಲ್ಲಿ ಹೊಳೆ ಎರಡಾಗಿ ಒಡೆದು ನಡುವೆ ದ್ವೀಪವಾಗಿದೆ. ಎರಡು ಕವಲನ್ನೂ ದಾಟಬೇಕು. ಅಲ್ಲಿನ ಹಳೆಯ ಸೇತುವೆಗಳು ಪಾಳುಬಿದ್ದು, ಜನ ಹರಿಗೋಲನ್ನು ನಂಬಿಕೊಳ್ಳಬೇಕಾಗಿದ್ದ ಕಾಲದಲ್ಲಿ ರಾಮಸ್ವಾಮಿ ಮೊದಲಿಯಾರ್ ಎಂಬವರು ಮುಂದೆ ಬಂದರು. ತಿರುಚಿರಾಪಳ್ಳಿ ಕಡೆಯವರು, ಮೈಸೂರು ರೆಸಿಡೆಂಟರ ಹತ್ತಿರ ನೌಕರಿಯಲ್ಲಿದ್ದವರು. ಹತ್ತೊಂಬತ್ತನೆಯ ಶತಮಾನದ ಮೊದಲ ಮೂರು ದಶಕಗಳ ಆಸುಪಾಸಿನಲ್ಲಿ ತಮ್ಮ ಸ್ವಂತ ಖರ್ಚಿನಿಂದ ಎರಡು ಕವಲಿಗೂ ಕಲ್ಲುಕಂಬದ ಸೇತುವೆಗಳನ್ನು ನಿಲ್ಲಿಸಿದರು. ಸಾಲು ಸಾಲಾಗಿ ಕಡಿದ ಕಲ್ಲುಕಂಬ, ಮೇಲೆ ಕಲ್ಲಿನ ಹಾಸು. ಅದಕ್ಕಾಗಿ ಅವರಿಗೆ 'ಜನೋಪಕಾರ ಕಾಮಕರ್ತ' ಎಂಬ ಬಿರುದು ಬಂತು. ಮೈಸೂರು ಕಡೆಯಿಂದಲೂ ಬ್ರಿಟಿಷರ ಕಡೆಯಿಂದಲೂ ಕೆಲವು ಗ್ರಾಮಗಳ ಜಹಗೀರು ಬಂತು. ಬಿರುದಿಗಿಂತ ನಮಗೆ ಜಹಗೀರಿನ ಮಾತೇ ಮುಖ್ಯವಾಗಿ ಕಾಣುತ್ತದೆ. ಕಟ್ಟುವುದು ಒಬ್ಬರ ಉತ್ಸಾಹದಿಂದ ಆದೀತು. ವರ್ಷ ವರ್ಷ ಬರುವ ಹೊಳೆಯ ಮುಂದೆ ಅದನ್ನು ನಿಲ್ಲಿಸಿಕೊಳ್ಳಲು ವರ್ಷ ವರ್ಷ ಬರುವ ಆದಾಯವೇ ಬೇಕು. ಆ ಸೇತುವೆಗಳು ನೂರಾರು ಪ್ರವಾಹ ತಡೆದವು. ಈಗ ವಾಹನಗಳೆಲ್ಲ ಹೊಸ ಸೇತುವೆಯ ಮೇಲೆ. ಹಳೆಯದರ ಒಂದು ಭಾಗ ಈಚಿನ ವರ್ಷಗಳ ಪ್ರವಾಹದಲ್ಲಿ ಕೊಚ್ಚಿಹೋಯಿತು.

ಹಿರಿಯರನ್ನು ಹೊಗಳುವ ಭರದಲ್ಲಿ ಒಂದು ಮಾತು ಮರೆಯಬಾರದು. ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಇದನ್ನು ಬರೆಯಬೇಕೆ ಎಂದು ಕೆಲವರಿಗೆ ಅನ್ನಿಸಬಹುದು, ಆದರೂ ಬರೆಯುತ್ತೇವೆ. ಆ ಅರವಟ್ಟಿಗೆಯ ನೀರು ಎಲ್ಲರಿಗೂ ಒಂದೇ ಚೊಂಬಿನಲ್ಲಿ ಸಿಗುತ್ತಿರಲಿಲ್ಲ. ದಲಿತ ಕೇರಿಯ ಬೆಟ್ಟದವರು ಚಪ್ಪರದ ಆಚೆ ನಿಂತು ಬೊಗಸೆ ಒಡ್ಡಬೇಕು. ಇವರು ಎತ್ತರದಿಂದ ಸುರಿಯಬೇಕು. ಅಲ್ಲಲ್ಲಿ ಬಿದಿರಿನ ದಬ್ಬೆ ಕಟ್ಟಿ ಅದರಲ್ಲಿ ಹಾಯಿಸುತ್ತಿದ್ದರು. ಛತ್ರಗಳಲ್ಲೂ ಜಾತಿಗೊಂದು ಅಂಕಣ. ಹರಳಯ್ಯನ ಮೆಟ್ಟನ್ನು ದೇವರು ತೊಟ್ಟ ಕಥೆಯನ್ನು ರಾತ್ರಿಯೆಲ್ಲ ಕೇಳಿದ ಜನವೇ ಬೆಳಗ್ಗೆ ಹೀಗೆ ನಡೆದುಕೊಳ್ಳುತ್ತಿದ್ದರು. 1950ರಲ್ಲಿ ಸಂವಿಧಾನ ಬಂತು, 1955ರಲ್ಲಿ ಅಸ್ಪೃಶ್ಯತೆಯನ್ನು ಅಪರಾಧ ಮಾಡಿದ ಕಾಯಿದೆ ಬಂತು. ದಬ್ಬೆ ಹೋಗಲು ಅದಾದ ಮೇಲೂ ಕಾಲ ಹಿಡಿಯಿತು. ನಮ್ಮ ಸಂಘದ ಕ್ಯಾನಿಗೆ ಎಲ್ಲ ಕೇರಿಯ ಹಾಲೂ ಒಟ್ಟಿಗೆ ಬೀಳುವುದನ್ನು ನೋಡಿ ಬೆಳೆದ ಮಕ್ಕಳಿಗೆ ಇದು ವಿಚಿತ್ರ ಅನ್ನಿಸುತ್ತದೆ. ಅನ್ನಿಸಲಿ.

ಈ ಏರ್ಪಾಟೆಲ್ಲ ನಿಂತದ್ದು ಹೇಗೆ? ಒಂದೇ ದಿನದಲ್ಲಿ ಅಲ್ಲ. ಮೊದಲು ಬಸ್ಸು ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಖಾಸಗಿಯವರ ಇದ್ದಿಲಿನ ಬಸ್ಸುಗಳಿದ್ದವು. ಏರಿನಲ್ಲಿ ಜನ ಇಳಿದು ತಳ್ಳಬೇಕಿತ್ತಂತೆ. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರವೇ 120 ಬಸ್ಸುಗಳೊಡನೆ ಸಾರಿಗೆ ಇಲಾಖೆ ತೆರೆಯಿತು. ಅದೇ 1961ರಲ್ಲಿ ಸಾರಿಗೆ ಸಂಸ್ಥೆಯಾಯಿತು. ಮೂರು ನಾಲ್ಕು ದಿನದ ದಾರಿ ಒಂದು ದಿನಕ್ಕೆ ಇಳಿಯಿತು. ಬಸ್ಸಿನವರಿಗೆ ಗುಂಡಾಣವೂ ಬೇಡ, ಗುಂಡುತೋಪೂ ಬೇಡ. ಎರಡನೆಯದಾಗಿ, 1955ರ ಇನಾಂ ರದ್ದತಿ ಕಾಯಿದೆಯಿಂದ ಧರ್ಮಕಾರ್ಯಗಳಿಗೆ ಬಿಟ್ಟಿದ್ದ ಭೂಮಿಗಳು ಸರ್ಕಾರದ ವಶಕ್ಕೆ ಬಂದವು. ಉಳುವವನಿಗೆ ಭೂಮಿ ಎಂಬುದು ನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಗುಡಿಗಳಿಗೆ ತಸ್ತೀಕು ಎಂದು ಒಂದಷ್ಟು ಹಣವಾದರೂ ನಿಗದಿಯಾಯಿತು. ಆದರೆ ಹೊಂಗೆ ಮರದ ಕೆಳಗಿನ ಗುಡಾಣದ ಪರವಾಗಿ ಅರ್ಜಿ ಹಾಕುವವರು ಯಾರು? ಹೊಯ್ಯುವವನಿಗೆ ಆದಾಯ ಹೋಯಿತು, ಅವನು ಕೂಲಿಗೆ ಹೋದ, ಗುಡಾಣ ಒಡೆಯಿತು. ಮತ್ತೆ ಇಡುವವರಿಲ್ಲ.

ಆಮೇಲೆ ಕಾಡುಗಳ್ಳ ವೀರಪ್ಪನ್ ಕಾಲ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿಯ ನೆಲಬಾಂಬಿನಲ್ಲಿ 22 ಜನ ಸತ್ತ ಮೇಲಂತೂ ಬೆಟ್ಟಕ್ಕೆ ಹೋಗುತ್ತೇವೆ ಎಂದರೆ ಮನೆಯಲ್ಲಿ ಹೆಂಗಸರು ಬಿಡುತ್ತಿರಲಿಲ್ಲ. 2004ರ ಅಕ್ಟೋಬರ್ 18ರಂದು ಅವನು ಹತನಾದ. ದಾರಿ ಮತ್ತೆ ತೆರೆದಂತಾಯಿತು.

ಈಗ ನೋಡಿದರೆ ಆಶ್ಚರ್ಯವಾಗುತ್ತದೆ. ಬಸ್ಸಿದೆ, ಕಾರಿದೆ, 2023ರ ಜೂನ್ ತಿಂಗಳಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟೇ ಇಲ್ಲ. ಆದರೂ ಶಿವರಾತ್ರಿ ಬಂದರೆ ನಡೆಯುವವರ ಸಾಲು ಮುಗಿಯುವುದಿಲ್ಲ. ಹರೆಯದ ಹುಡುಗರೇ ಜಾಸ್ತಿ. ಹಿಂದೆ ಒಂದು ಟ್ರ್ಯಾಕ್ಟರು, ಅದರಲ್ಲಿ ಮೈಕು, ನೀರಿನ ಬಾಟಲಿಯ ಪೆಟ್ಟಿಗೆ. ಬೆಟ್ಟದ ಮೇಲೆ ಪ್ರಾಧಿಕಾರದವರ ದಾಸೋಹ ಇದೆ, ವಸತಿಗೃಹಗಳಿವೆ. ಆದರೆ ನಡುದಾರಿಯಲ್ಲಿ? ಟ್ರ್ಯಾಕ್ಟರು ಇಲ್ಲದ ಬಡಪಾಯಿಗಳು, ವಯಸ್ಸಾದವರು, ಮಗು ಎತ್ತಿಕೊಂಡ ಹೆಣ್ಣುಮಕ್ಕಳು ಈಗಲೂ ಇದ್ದಾರೆ. ಅವರು ಯಾರ ಜಗಲಿಯಲ್ಲಿ ಮಲಗಬೇಕು? ಹೊಸ ಮನೆಗಳಿಗೆ ಜಗಲಿಯೇ ಇಲ್ಲ, ಗೇಟಿದೆ. ಹೆಂಗಸರಿಗೆ ಕತ್ತಲಾಗುವವರೆಗೆ ಕಾಯದೆ ಹೋಗಿಬರಲು ಒಂದು ಶೌಚಾಲಯವಿಲ್ಲ. ನಮ್ಮ ಹಿರಿಯರೂ ಅದನ್ನು ಯೋಚಿಸಿರಲಿಲ್ಲ, ನಾವೂ ಯೋಚಿಸಿಲ್ಲ.

ಒಳ್ಳೆಯ ಮನಸ್ಸಿನಿಂದ ಮಾಡುವವರು ಇಲ್ಲವೆಂದಲ್ಲ. ಅಲ್ಲಲ್ಲಿ ಯುವಕರು ಶಾಮಿಯಾನ ಹಾಕಿ ಅನ್ನ ಬಡಿಸುತ್ತಾರೆ. ಆದರೆ ದಾರಿಯವರಿಗೆ ಅನ್ನ ನೀರು ಕೊಡುವುದು ಎಂಥ ಜವಾಬ್ದಾರಿ ಎಂಬುದನ್ನು 2018ರ ಡಿಸೆಂಬರ್ 14 ನಮಗೆಲ್ಲ ತೋರಿಸಿತು. ಅದೇ ಹನೂರು ಸೀಮೆಯ ಸುಳ್ವಾಡಿಯ ಕಿಚ್‌ಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಜನ ಪ್ರಾಣ ಬಿಟ್ಟರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಕೈ ಒಡ್ಡಿದವರು ಕೊಟ್ಟವರನ್ನು ನಂಬಿ ತಿಂದದ್ದು. ಅಡಿಗೆಯ ಪಾತ್ರೆಯ ಹತ್ತಿರ ಯಾರು ಇದ್ದರು, ಯಾರು ಜವಾಬ್ದಾರರು ಎಂದು ಕೇಳುವ ಪದ್ಧತಿ ನಮ್ಮಲ್ಲಿ ಕಡಿಮೆ.

ದೊಡ್ಡವರ ಮಾತು ಹಾಗಿರಲಿ, ನಮ್ಮದೇ ಒಂದು ಕಥೆ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ನಾವು ಐದಾರು ಜನ ಗೆಳೆಯರು ಸೇರಿ ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಡ್ರಮ್ಮು ಇಟ್ಟು ನೀರು ತುಂಬಿಸಿದೆವು. ಮೊದಲ ವರ್ಷ ಪೂಜೆ, ಬ್ಯಾನರು, ಫೋಟೋ ಎಲ್ಲ ಆಯಿತು. ಎರಡನೆಯ ವರ್ಷ ಡ್ರಮ್ಮು ತೊಳೆಯುವುದು ಯಾರು ಎಂದು ಮಾತಾಯಿತು. ನೀನು ತೊಳೆದಿದ್ದೀಯ ಅಂತ ಅವನು, ಅವನು ತೊಳೆದಿದ್ದಾನೆ ಅಂತ ಇವನು. ಮೂರನೆಯ ದಿನ ಒಬ್ಬ ಅಜ್ಜಿ ಲೋಟ ಮೂಗಿನ ಹತ್ತಿರ ಹಿಡಿದು, 'ಯಾಕಪ್ಪ, ಈ ನೀರ ನಿಮ್ಮ ಎಮ್ಮೆ ಕುಡಿದಾತಾ?' ಅಂದಳು. ನಾವು ಮಾತಾಡಲಿಲ್ಲ. ಡ್ರಮ್ಮಿನ ತಳದಲ್ಲಿ ಪಾಚಿ ಕಟ್ಟಿತ್ತು. ಮೂರನೆಯ ವರ್ಷ ಡ್ರಮ್ಮು ಯಾರದೋ ಕೊಟ್ಟಿಗೆ ಸೇರಿತು. ಆವತ್ತು ನಮಗೆ ಆ ಶಾಸನದವರು ಭೂಮಿ ಯಾಕೆ ಬಿಟ್ಟರು ಎಂಬುದು ಅರ್ಥವಾಯಿತು. ಅವರಿಗೆ ಮನುಷ್ಯರ ಉತ್ಸಾಹ ಎಷ್ಟು ದಿನ ಬಾಳುತ್ತದೆ ಎಂದು ಗೊತ್ತಿತ್ತು.

ಇದನ್ನೆಲ್ಲ ಸಹಕಾರ ಸಂಘದ ಸಂಚಿಕೆಯಲ್ಲಿ ಯಾಕೆ ಬರೆಯುತ್ತೇವೆ ಎಂದರೆ, ಕಳೆದ ಸಾಲಿನ ಸರ್ವ ಸದಸ್ಯರ ಸಭೆಯಲ್ಲಿ ದಾರಿಯವರಿಗೆ ಮಜ್ಜಿಗೆಯ ಏರ್ಪಾಟು ಮಾಡೋಣ ಎಂಬ ಮಾತು ಬಂದು ಗಲಾಟೆಯಾದದ್ದು ಎಲ್ಲರಿಗೂ ನೆನಪಿದೆ. 'ಹಾಲು ಹಾಕೋರ ದುಡ್ಡು ಹಾಲು ಹಾಕೋರಿಗೇ ಬೋನಸ್ ಆಗಿ ಬರಲಿ, ಊರ ಉಸಾಬರಿ ಸಂಘಕ್ಕೆ ಬ್ಯಾಡ' ಎಂದವರ ಮಾತಿನಲ್ಲೂ ಹುರುಳಿದೆ. ಮೇವು, ಹಿಂಡಿ ಯಾವ ಬೆಲೆಗೆ ಮುಟ್ಟಿದೆ ಎಂದು ನಮಗೂ ಗೊತ್ತು. ಆದರೆ ಊರಿನಲ್ಲಿ ಇವತ್ತು ದಿನಾ ಎರಡು ಹೊತ್ತು ಬಾಗಿಲು ತೆರೆಯುವ, ಲೆಕ್ಕ ಬರೆದು ವರ್ಷಕ್ಕೊಮ್ಮೆ ಎಲ್ಲರ ಮುಂದೆ ಓದುವ, ಪಾತ್ರೆ ತೊಳೆಯದಿದ್ದರೆ ಹಾಲು ವಾಪಸ್ಸು ಬರುತ್ತದೆ ಎಂದು ಬಲ್ಲ ಜಾಗ ಬೇರೆ ಯಾವುದಿದೆ? 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದಾಗ ಜನ ನಂಬಿದ್ದು ಆ ಲೆಕ್ಕದ ಪುಸ್ತಕವನ್ನೇ ಅಲ್ಲವೆ?

ನಮ್ಮ ಸಲಹೆ ಸಣ್ಣದು. ಕಾನೂನು ಒಪ್ಪುವಷ್ಟು, ಸಭೆ ಒಪ್ಪುವಷ್ಟು ಒಂದು ಮೊತ್ತವನ್ನು ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಇಟ್ಟು, ಅಸಲು ಮುಟ್ಟದೆ ಬಡ್ಡಿಯಲ್ಲಿ ಮಾತ್ರ ಖರ್ಚು ಮಾಡುವುದು. ಶಿವರಾತ್ರಿಯ ಮುಂಚಿನ ಹತ್ತು ದಿನ, ಯುಗಾದಿ ದೀಪಾವಳಿಗೆ ಆದಷ್ಟು. ದಿನಕ್ಕೆ ಇಬ್ಬರು ಸದಸ್ಯರ ಪಾಳಿ, ಬೇರೆ ಬೇರೆ ಕೇರಿಯವರು ಇಬ್ಬರು. ಪಾಳಿಯವರ ಹೆಸರು ಬೋರ್ಡಿನ ಮೇಲೆ. ಪಾತ್ರೆ ತೊಳೆದವರು ಪುಸ್ತಕದಲ್ಲಿ ರುಜು ಹಾಕುವುದು. ಹೆಂಗಸರಿಗೆ ಸಂಘದ ಹಿಂದಿನ ಶೌಚಾಲಯದ ಬೀಗದ ಕೈ ಆ ಹತ್ತು ದಿನ ಬಾಗಿಲಲ್ಲೇ ನೇತುಹಾಕಿರುವುದು. ಬ್ಯಾನರು ಬೇಡ.

ಮುಂದಿನ ಸಭೆಗೆ ಈ ವಿಷಯ ಅಜೆಂಡಾದಲ್ಲಿ ಬರಲಿದೆ ಎಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಬೇಡ ಎನ್ನುವವರು ಬಂದು ಬೇಡ ಎನ್ನಲಿ, ಬರದೆ ಇರುವುದು ಮಾತ್ರ ಬೇಡ. ಪಾಳಿಯ ಪಟ್ಟಿ ಆದರೆ ಮೊದಲ ದಿನಕ್ಕೆ ನಮ್ಮ ಹೆಸರು ಬರೆದುಕೊಳ್ಳಬಹುದು. ಡ್ರಮ್ಮು ತೊಳೆಯುವ ಬಾಕಿ ನಮ್ಮ ಮೇಲೆ ಇನ್ನೂ ಇದೆ.